ನಿನ್ನೆಯ ಹೂವಿನ ಬಣ್ಣ

ನನ್ನ ಹೆಂಡತಿ ಹೂವಿನಹಡಗಲಿಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹರಪನಹಳ್ಳಿಯ ನನ್ನ ಟೇಲರ್ ಅಂಗಡಿಗೆ ಬಂದವರಿಗೆ ನಾನು ಬದುಕಿ ಉಳಿದ ಕತೆ ಹೇಳುವಾಗಲೂ ಇಲ್ಲಿಂದಲೇ ಶುರು ಮಾಡುವುದು. ಅವಳ ತವರಿನವರು ಮಲ್ಲಿಗೆ ಬೆಳೆಯುವವರು. ಅವಳು ನಡೆಯಲು ಕಲಿತ ಮೇಲೆ ಮೊಗ್ಗು ಬಿಡಿಸಲು ಕಲಿತಳೋ, ಮೊಗ್ಗು ಬಿಡಿಸುತ್ತ ಬಿಡಿಸುತ್ತ ನಡೆಯಲು ಕಲಿತಳೋ, ಅವಳಿಗೇ ಗೊತ್ತಿಲ್ಲ. ಬಿಳಿ ಬಣ್ಣದ ವಿಷಯದಲ್ಲಿ ಮಾತ್ರ ಅವಳ ಹತ್ತಿರ ವಾದಕ್ಕೆ ಹೋಗಬಾರದು. ಮದುವೆಯಾದ ಹೊಸದರಲ್ಲಿ ಅಂಗಿ ಬಟ್ಟೆಯ ಥಾನುಗಳನ್ನು ಮುಂದಿಟ್ಟು, ಎಲ್ಲ ಬೆಳ್ಳಗಿದ್ದಾವಲ್ಲ ಎಂದಿದ್ದೆ. ಇದು ಹಾಲಿನ ಬಿಳಿ, ಇದು ಸುಣ್ಣದ ಬಿಳಿ, ಇದು ಅಂಗಡಿಯ ದೀಪದಲ್ಲಿ ಮಾತ್ರ ಬಿಳಿ, ಹೊರಗೆ ಒಯ್ದರೆ ಅಲ್ಲ ಎಂದು ಒಂದೊಂದನ್ನೇ ಬೇರೆ ಬೇರೆ ಇಟ್ಟಳು. ಹೊರಗೆ ಒಯ್ದು ನೋಡಿದೆ. ಅವಳು ಹೇಳಿದ್ದೇ ನಿಜವಾಗಿತ್ತು.

ಹೂವಿನ ಮಾತು ಆಮೇಲೆ. ಮೊದಲು ನನ್ನ ಹೊಟ್ಟೆಯ ಮಾತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಷ್ಟು ವರ್ಷ ಕೂತು ಹೊಲಿದವನಿಗೆ ಹೊಟ್ಟೆ ಬರದೆ ಇರುತ್ತದೆಯೇ? ನನಗೂ ಬಂದಿತ್ತು, ಮರ್ಯಾದಸ್ಥ ಹೊಟ್ಟೆ. ಮೂರು ವರ್ಷದ ಹಿಂದೆ, ಮೆಕ್ಕೆಜೋಳ ರಸ್ತೆ ಬದಿಯಲ್ಲೆಲ್ಲ ಒಣಗಲು ಬಿದ್ದಿದ್ದ ಕಾಲದಲ್ಲಿ, ಅದು ತನ್ನಷ್ಟಕ್ಕೆ ತಾನೇ ಇಳಿಯತೊಡಗಿತು. ಪ್ಯಾಂಟು ಸಡಿಲವಾಯಿತು. ಬೇರೆ ಯಾರಾದರೂ ಆಗಿದ್ದರೆ ಬೆಲ್ಟಿಗೆ ಹೊಸ ತೂತು ಹೊಡೆಯುವಾಗ ಒಂದು ಗಳಿಗೆ ಯೋಚನೆ ಮಾಡುತ್ತಿದ್ದರು. ನಾನು ಟೇಲರ್ ನೋಡಿ! ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಲುಂಗಿ ಸುತ್ತಿಕೊಂಡು, ಪ್ಯಾಂಟಿನ ಸೊಂಟ ಹಿಡಿದು ಹೊಲಿದು, ಮತ್ತೆ ಹಾಕಿಕೊಂಡೆ. ಕೆಲವು ವಾರಕ್ಕೆ ಮತ್ತೆ ಸಡಿಲ. ಮತ್ತೆ ಹಿಡಿದೆ. ಊರಿನ ಅರ್ಧ ಗಂಡಸರ ಸೊಂಟದ ಅಳತೆ ಬಾಯಿಪಾಠ ಇದ್ದವನು ನನ್ನ ಸೊಂಟಕ್ಕೆ ಟೇಪು ಹಿಡಿಯಲೇ ಇಲ್ಲ.

ಹಿಡಿಯುವುದಾದರೂ ಯಾಕೆ? ಎಲ್ಲರೂ ಹೊಗಳುತ್ತಿದ್ದರು. ಚಹಾದಂಗಡಿಯ ಗೆಳೆಯರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹುಡುಗನಾಗಿದ್ದೀಯಲ್ಲೋ, ಎರಡನೇ ಮದುವೆಗೆ ನೋಡೋಣವೇ ಎಂದು ಕೀಟಲೆ ಮಾಡಿದರು. ಅದೇ ದಿನಗಳಲ್ಲಿ ಬಾಯಾರಿಕೆ ಹೆಚ್ಚಾಯಿತೆಂದು ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ ಬಂದಿತ್ತು. ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ, ಆದರೂ ಬಂತು. ಡಾಕ್ಟರು ಮಾತ್ರೆ ಬರೆದು, ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ ಎಂದರು. ನನಗೆ ಎಲ್ಲ ಲೆಕ್ಕವೂ ಸರಿಹೋಯಿತು. ಸಕ್ಕರೆ ಬಂದಿದೆ, ಊಟ ಬಿಟ್ಟಿದ್ದೇನೆ, ಅದಕ್ಕೇ ಸಣ್ಣಗಾಗಿದ್ದೇನೆ ಎಂದುಕೊಂಡೆ. ಹೆಂಡತಿಗೆ ಮಾತ್ರ ಸರಿಹೋಗಲಿಲ್ಲ.

"ಬಿಟ್ಟಿದ್ದಲ್ಲ ನೀವು. ನಿಮಗ ಸೇರವಲ್ದು. ಬಿಡೋದು ಬ್ಯಾರೆ, ಸೇರದಿರೋದು ಬ್ಯಾರೆ," ಅಂದಳು.

ಅವಳು ಅಂದದ್ದು ಸುಳ್ಳಲ್ಲ. ಸಂಜೆಗೆ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ಇಲ್ಲದೆ ನಾನು ಅಂಗಡಿ ಮುಚ್ಚಿದವನೇ ಅಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿ ಮಿರ್ಚಿ ಬಿಟ್ಟವನನ್ನು ನೀವು ಕಂಡಿದ್ದೀರಾ? ಆ ದಿನಗಳಲ್ಲಿ ಕಾದ ಎಣ್ಣೆಯ ವಾಸನೆ ಬಂದರೆ ಸಾಕು, ಓಣಿ ಬದಲಿಸುತ್ತಿದ್ದೆ. ಎರಡು ತುತ್ತು ತಿನ್ನುವುದರಲ್ಲಿ ಹೊಟ್ಟೆ ತುಂಬಿದಂತಾಗುತ್ತಿತ್ತು. ಸೋಡಾ ಕುಡಿದು ತೇಗಿ, ಗ್ಯಾಸು ಎಂದು ಹೆಸರಿಟ್ಟು ಸುಮ್ಮನಾದೆ. ನಮ್ಮ ಕಡೆ ಹೊಟ್ಟೆಯ ಯಾವ ತೊಂದರೆಗೂ ಮೊದಲು ಇಡುವ ಹೆಸರು ಅದೇ.

ಆಮೇಲೆ ಬೆನ್ನು. ಊಟವಾದ ಮೇಲೆ ಅಂಗಡಿಯೊಳಗೆ ಚಾಪೆ ಹಾಸಿ ಒರಗಿದರೆ ಹೊಟ್ಟೆಯ ಮೇಲ್ಭಾಗದಿಂದ ಶುರುವಾದ ನೋವು ಬೆನ್ನಿಗೆ ಹಾಯುತ್ತಿತ್ತು. ಎದ್ದು ಮಷಿನ್ ಮುಂದೆ ಬಗ್ಗಿ ಕೂತರೆ ತಗ್ಗುತ್ತಿತ್ತು. ಟೇಲರ್ ಅಂದಮೇಲೆ ಬೆನ್ನುನೋವು ಇದ್ದದ್ದೇ. ಕೂಡ್ಲಿಗಿ ಕಡೆ ಎಣ್ಣೆ ತಿಕ್ಕಿ ನರ ಬಿಡಿಸುವವನೊಬ್ಬ ಇದ್ದಾನೆಂದು ಕೇಳಿ ಅಲ್ಲಿಗೂ ಹೋಗಿ ಬಂದೆ. ಅವನು ಚೆನ್ನಾಗಿಯೇ ತಿಕ್ಕಿದ. ನೋವು ಅಲ್ಲೇ ಇತ್ತು. ಹೆಂಡತಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದಳು.

"ಬಗ್ಗಿ ಬಗ್ಗಿ ಹೊಲಿದು ಬಂದ ನೋವು, ಬಗ್ಗಿದ್ರ ಹೆಂಗ ಕಡಿಮಿ ಆಗತೈತಿ?"

ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದಿದ್ದಾಗ ನನಗೆ ಬರುವುದು ಅದೊಂದೇ. ನೀನೇನು ಡಾಕ್ಟರಕಿಯೋ ಎಂದು ರೇಗಿದೆ. ಅವಳು ಅಕ್ಕಿಯಲ್ಲಿನ ಕಲ್ಲು ಬಿಸಾಡಿದಳು.

ಅಷ್ಟರಲ್ಲಿ ಮೈ ತುರಿಕೆ ಶುರುವಾಗಿತ್ತು. ಗಾದರಿ ಇಲ್ಲ, ಗುಳ್ಳೆ ಇಲ್ಲ, ಅಂಗಾಲು ಅಂಗೈಯಿಂದ ಹಿಡಿದು ಮೈಯೆಲ್ಲ ಸುಮ್ಮನೆ ತುರಿಕೆ. ಅದಕ್ಕೆ ಔಷಧದ ಅಂಗಡಿಯ ಪೌಡರು. ಹೀಗೆ ಸಕ್ಕರೆಗೊಂದು ಕಡೆ, ಬೆನ್ನಿಗೊಂದು ಕಡೆ, ತುರಿಕೆಗೊಂದು ಕಡೆ, ಹೊಟ್ಟೆಗೆ ಸೋಡಾ ಗಾಡಿ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ನಾನು ಹೇಳಲಿಲ್ಲ. ಯಾಕೆ ಹೇಳಬೇಕು, ಬೆನ್ನು ತಿಕ್ಕುವವನಿಗೆ ತುರಿಕೆಯ ಮಾತು ಯಾತಕ್ಕೆ? ನನ್ನ ಇಡೀ ಮೈಯನ್ನು ಒಟ್ಟಿಗೆ ನೋಡುತ್ತಿದ್ದವಳು ಮನೆಯಲ್ಲಿ ಒಬ್ಬಳೇ ಇದ್ದಳು.

ಅವಳು ನೋಡದ್ದು ಏನೂ ಇರಲಿಲ್ಲ ಎನ್ನುವುದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಿಳಿಯಿತು. ರೊಟ್ಟಿ ಮುರಿಯುತ್ತಿದ್ದೆ. ನಿಮ್ಮ ಮೂತ್ರ ಕರಿ ಚಹಾದ ಬಣ್ಣ ಬರುತ್ತಿದೆಯೇ ಎಂದು ಕೇಳಿದಳು. ಹೌದು, ನೀರು ಕಡಿಮೆ ಕುಡಿದಿರಬೇಕು ಎಂದೆ. ಹೊರಕಡೆಗೆ ಹೋದರೆ ಬೂದಿಯ ಬಣ್ಣ, ಮಣ್ಣಿನ ಬಣ್ಣ, ಜಿಡ್ಡು ತೇಲುತ್ತದೆ, ಎಷ್ಟು ನೀರು ಹೊಯ್ದರೂ ಹೋಗುವುದಿಲ್ಲ, ಅದು ಯಾಕೆ ಎಂದಳು. ಉಣ್ಣುವ ಹೊತ್ತಿನಲ್ಲಿ ಇದೆಂಥ ಮಾತು, ನಾಚಿಕೆ ಇಲ್ಲವೇ ಎಂದು ಗದರಿದೆ.

"ನಾಚಿಕಿ ಮಾಡ್ಕಂಡು ಏನ್ ಮಾಡ್ಲಿ? ತೊಳಿಯಾಕಿ ನಾನ. ನಾನು ನೋಡದ ಇನ್ನ ಯಾರು ನೋಡಬೇಕು?" ಅಂದಳು.

ಅದಾದ ನಾಲ್ಕೈದು ದಿನಕ್ಕೆ ಹೂವಿನ ಮಾತು ಬಂತು. ಹಡಗಲಿಯಿಂದ ಬೆಳಗಿನ ಬಸ್ಸಿಗೆ ಅವಳ ಅಣ್ಣ ಆಗಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಗ್ಗು ಕಳಿಸುತ್ತಾನೆ. ಆ ದಿನವೂ ಬಂದಿತ್ತು. ಅವಳು ಬಾಗಿಲ ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟುತ್ತಿದ್ದಳು. ನಾನು ಮುಖ ತೊಳೆದು ಬಂದು ಅವಳ ಪಕ್ಕ ಬಿಸಿಲಿಗೆ ಕೂತೆ. ತಲೆ ಎತ್ತಿ ನೋಡಿದವಳು ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಎದ್ದು ಒಳಗೆ ಹೋಗಿ ದೇವರ ಪಟದ ಮೇಲಿನ ಹಿಂದಿನ ದಿನದ ಮಾಲೆ ತಂದಳು. ನನ್ನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ, ಒಂದು ಕೈಯಲ್ಲಿ ಹೊಸ ಮೊಗ್ಗು, ಇನ್ನೊಂದರಲ್ಲಿ ಹಳೆಯ ಹೂವು, ಎರಡನ್ನೂ ನನ್ನ ಕಣ್ಣಿನ ಪಕ್ಕ ಹಿಡಿದಳು. ಓಣಿಯಲ್ಲಿ ಹೋಗುವವರು ನಗುತ್ತಿದ್ದರು.

"ನಿನ್ನಿ ಹೂವಿನ ಬಣ್ಣ ಬಂದೈತಿ ನಿಮ್ಮ ಕಣ್ಣಿಗಿ," ಅಂದಳು.

ಕನ್ನಡಿಯಲ್ಲಿ ನೋಡಿಕೊಂಡೆ. ನನಗೆ ಏನೂ ಕಾಣಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನನಗೆ ನನ್ನ ಕಣ್ಣೇ ಹಳದಿ ಕಾಣಲಿಲ್ಲ. ಎರಡು ದಿನ ಕಳೆದ ಮೇಲೆ ಚಹಾದಂಗಡಿಯವರೆಲ್ಲರಿಗೂ ಕಂಡಿತು.

ಈಗ ಹೇಳುವುದು ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವ ವಿಷಯ. ಕಣ್ಣು ಹಳದಿಯಾದದ್ದು ತಿಳಿದಾಗ ನಮಗೆ ಭಯವಾಗಲಿಲ್ಲ, ಸಮಾಧಾನವಾಯಿತು. ಓಹೋ, ಕಾಮಣಿ! ಇಷ್ಟು ದಿನ ಊಟ ಸೇರದ್ದು, ಸೊರಗಿದ್ದು, ಎಲ್ಲ ಇದಕ್ಕೇ. ಕಾಮಣಿಗೆ ನಮ್ಮಲ್ಲಿ ಔಷಧವಿದೆ, ಪಥ್ಯವಿದೆ, ಹಾಕುವವರಿದ್ದಾರೆ. ಕಾಮಣಿಯಾದವರು ದವಾಖಾನೆಗೆ ಹೋಗಬಾರದು, ಸೂಜಿ ಚುಚ್ಚಿಸಿದರೆ ಕೆಡುತ್ತದೆ ಎಂದು ಅಜ್ಜಿಯ ಕಾಲದಿಂದ ಕೇಳಿ ಬೆಳೆದವರು ನಾವು. ನನ್ನ ತಾಯಿಗೆ ಹಾಗೇ ವಾಸಿಯಾಗಿತ್ತು. ಹೆಂಡತಿಯ ಅಣ್ಣನಿಗೂ ವಾಸಿಯಾಗಿತ್ತು. ಹಾಗಾಗಿ ಅವಳೂ ಎರಡು ಮಾತಾಡದೆ ಹೊರಟಳು.

ನಮ್ಮ ತಾಲೂಕಿನದೇ ಅರಸೀಕೆರೆಯ ದಾರಿಯಲ್ಲಿ ಒಳಗೆ ಹೊರಳಿದರೆ ಸಿಗುವ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ಭಾನುವಾರ ಬೆಳಿಗ್ಗೆ ಕಾಮಣಿ ಇಳಿಸುತ್ತಿದ್ದ. ದುಡ್ಡು ಮುಟ್ಟುವವನಲ್ಲ, ಒಂದು ತೆಂಗಿನಕಾಯಿ ಇಟ್ಟರೆ ಆಯಿತು. ಪರಾತ ಅನ್ನುವ ಅಗಲವಾದ ಹಿತ್ತಾಳೆ ತಟ್ಟೆಯ ಮುಂದೆ ಕೂರಿಸಿ, ಮೊಣಕೈಯಿಂದ ಅಂಗೈವರೆಗೆ ಸುಣ್ಣ ಬಳಿದು, ಯಾವುದೋ ತೊಗಟೆಯ ರಸ ಹಾಕಿ ತಿಕ್ಕಿ ತಿಕ್ಕಿ, ಚೊಂಬಿನ ನೀರು ಬಿಟ್ಟು ತೊಳೆದ. ಪರಾತದ ನೀರು ನೋಡಿದರೆ ಅರಿಶಿನ ಕದಡಿದ ಹಾಗೆ ಹಳದಿ! ಸುತ್ತ ಕೂತವರು, ಇಳಿಯಿತು ಇಳಿಯಿತು ಎಂದರು. ನನ್ನ ರೋಗವನ್ನು ನಾನೇ ಕಣ್ಣಾರೆ ಕಂಡೆ, ಚೆಲ್ಲಿದ್ದನ್ನೂ ಕಂಡೆ. ಇದಕ್ಕಿಂತ ಇನ್ನೇನು ಬೇಕು? ಬರುವಾಗ ಬಸ್ಸಿನಲ್ಲಿ ನಾನು ಸಣ್ಣಗೆ ಹಾಡು ಗುನುಗಿದೆನಂತೆ. ಉಪ್ಪು ಎಣ್ಣೆ ಖಾರ ಬಿಟ್ಟು ಮಜ್ಜಿಗೆ ಅನ್ನದ ಪಥ್ಯ ಶುರುವಾಯಿತು.

ಮುಂದಿನ ಭಾನುವಾರ ಮತ್ತೆ ತಿಕ್ಕಿದ. ನೀರು ಅಷ್ಟೇ ಹಳದಿ. ಹಳೆಯದು, ಬೇರು ಬಿಟ್ಟಿದೆ, ನಿಧಾನಕ್ಕೆ ಹೋಗುತ್ತದೆ ಎಂದು ಅಜ್ಜ ಧೈರ್ಯ ಹೇಳಿದ. ಇತ್ತ ತುರಿಕೆ ಹೆಚ್ಚಾಗಿ ನನಗೆ ಕತ್ತರಿ ಹಿಡಿಯಲೂ ಮನಸ್ಸಿಲ್ಲ. ಕಣ್ಣಿನ ಬಣ್ಣ ನಿನ್ನೆಯ ಹೂವನ್ನು ದಾಟಿ ಮೊನ್ನೆಯ ಹೂವಿಗೆ ಹೋಗಿತ್ತು. ಕೊಟ್ಟೂರಿಗೆ ಕೊಟ್ಟ ಮಗಳು ಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ಚೀಲ ಕೆಳಗಿಟ್ಟಳು.

ಮೂರನೆಯ ಭಾನುವಾರ ಮತ್ತೆ ಹೋದೆವು. ನನ್ನ ಕೈ ತೊಳೆದಾಯಿತು, ಹಳದಿ ನೀರು ಚೆಲ್ಲಿಯಾಯಿತು. ಅಜ್ಜ ಪರಾತ ಒರೆಸಿ ಇಡುವಷ್ಟರಲ್ಲಿ ನನ್ನ ಹೆಂಡತಿ ನನ್ನನ್ನು ಆ ಕಡೆ ಸರಿಸಿ ಕೂತಳು. ಹಸಿರು ಬಳೆಗಳನ್ನು ಮೊಣಕೈಗೆ ಏರಿಸಿ, ಎರಡೂ ಕೈ ಚಾಚಿ, ನನಗೂ ತಿಕ್ಕಿ ಎಂದಳು. ನಿನಗೇನಾಗಿದೆ, ಗಟ್ಟಿಮುಟ್ಟಾಗಿದ್ದೀಯಲ್ಲ ತಾಯಿ ಎಂದು ಅಜ್ಜ ನಕ್ಕ. ಅವಳು ನಗಲಿಲ್ಲ, ಕೈಯನ್ನೂ ಹಿಂದೆಗೆಯಲಿಲ್ಲ. ಅಜ್ಜ ಸುಣ್ಣ ಬಳಿದ, ರಸ ಹಾಕಿದ, ತಿಕ್ಕಿದ, ನೀರು ಬಿಟ್ಟ.

ನೀರು ಹಳದಿಯಾಯಿತು. ನನ್ನದು ಎಷ್ಟು ಹಳದಿಯಾಗಿತ್ತೋ ಅಷ್ಟೇ.

ಅವಳು ಪರಾತವನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಆಮೇಲೆ ಕೇಳಿದಳು, "ನನ್ನ ಕಣ್ಣು ಬೆಳ್ಳಗ ಅದಾವು. ಹೊಟ್ಟಿ ತುಂಬ ಉಣ್ತೀನಿ. ನನ್ನ ಕೈಯಾಗ ಎಲ್ಲಿಂದ ಬಂತು ಅಜ್ಜಾ ಇದು?"

ಬೇರೆ ಯಾರಾದರೂ ಆಗಿದ್ದರೆ ಹಾರಾಡುತ್ತಿದ್ದರು. ಆ ಅಜ್ಜ ದೊಡ್ಡ ಮನುಷ್ಯ, ಇವತ್ತಿಗೂ ನಾನು ಅವನಿಗೆ ಕೈ ಮುಗಿಯುತ್ತೇನೆ. ಕೈ ಒರೆಸಿಕೊಂಡು, ನನ್ನ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ.

"ನಮ್ಮಪ್ಪ ಹಿಂಗ ಮಾಡ್ತಿದ್ದ, ನಾನೂ ಮಾಡ್ತೀನಿ. ಭಾಳ ಮಂದಿಗಿ ವಾಸಿ ಆಗೈತಿ. ನೀರು ಯಾಕ ಹಳದಿ ಆಗತೈತಿ ನನಗ ಗೊತ್ತಿಲ್ಲವ್ವ. ಇವರಿಗಿ ಇಷ್ಟೊತ್ತಿಗಿ ಇಳೀಬೇಕಿತ್ತು. ಇಳಿದಿಲ್ಲ. ದವಾಖಾನಿಗಿ ಕರ್ಕಂಡು ಹೋಗು, ತಡ ಮಾಡಬ್ಯಾಡ."

ಸುಣ್ಣ ಮತ್ತು ಆ ರಸ ಕೂಡಿದರೆ ಯಾರ ಕೈಯಲ್ಲಾದರೂ ಹಳದಿಯೇ ಬರುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಎಷ್ಟೋ ಕಾಮಣಿ ತಾನಾಗಿಯೇ ಇಳಿಯುತ್ತದೆ, ಇಳಿದ ಹೆಸರು ಪರಾತಕ್ಕೆ ಬರುತ್ತದೆ ಎಂದೂ ಹೇಳಿದರು. ಅವರು ಓದಿದವರು, ಹೇಳಿದರು. ಆದರೆ ಅಷ್ಟು ಜನರ ನಡುವೆ ಬಳೆ ಏರಿಸಿ ಕೈ ಚಾಚಿದವಳು ನನ್ನ ಹೆಂಡತಿ. ಅವಳಿಗಿಂತ ಮೊದಲು ಆ ಪರಾತಕ್ಕೆ ಕೈ ಕೊಟ್ಟ ಆರೋಗ್ಯವಂತರು ಒಬ್ಬರೂ ಇರಲಿಕ್ಕಿಲ್ಲ.

ಸೋಮವಾರ ಬೆಳಿಗ್ಗೆ ಸಕ್ಕರೆ ನೋಡುವ ಡಾಕ್ಟರ ಬಾಗಿಲು ತೆಗೆಯುವ ಮುಂಚೆ ನಾವು ಅಲ್ಲಿದ್ದೆವು. ಏನಾಗಿದೆ ಎಂದು ಡಾಕ್ಟರು ನನ್ನನ್ನು ಕೇಳಿದರು. ಕಾಮಣಿ ಆಗಿದೆ ಸಾರ್ ಎಂದೆ. ಹೆಂಡತಿ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಇವರು ಹೇಳಂಗಿಲ್ರಿ, ನಾನು ಹೇಳ್ತೀನಿ. ಮೆಕ್ಕಿಜೋಳ ಒಣಗಾಕ ಹಾಕಿದಾಗಿಂದ ಸೊರಗಾಕ ಹತ್ಯಾರ, ಪ್ಯಾಂಟು ಹಿಡದು ಹಿಡದು ಹೊಲಕಂತಾರ. ವಂಶದಾಗ ಇಲ್ಲದ ಸಕ್ಕರಿ ಒಮ್ಮೆಲೆ ಬಂತು. ಎಣ್ಣಿ ವಾಸನಿ ಸೇರವಲ್ದು. ಮಲಗಿದ್ರ ಹೊಟ್ಟಿ ನೋವು ಬೆನ್ನಿಗಿ ಹೊಡಿತೈತಿ, ಬಗ್ಗಿ ಕುಂತ್ರ ಕಡಿಮಿ. ಗುಳ್ಳಿ ಇಲ್ಲದ ತುರಿಕಿ. ಮೂತ್ರ ಚಹಾದಂಗ, ಹೊರಕಡಿಗಿ ಹೋದ್ರ ಬೂದಿ ಬಣ್ಣ, ಜಿಡ್ಡು. ಈಗ ಕಣ್ಣು. ಜ್ವರ ಇಲ್ಲ. ಇವೆಲ್ಲ ಬ್ಯಾರೆ ಬ್ಯಾರೆ ಅಂತಾರ ಇವರು. ನನಗ ಒಂದ ಅನಸ್ತೈತಿ."

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನಾನು ಬಾಯಿ ತೆರೆದುಕೊಂಡು ಅವಳನ್ನೇ ನೋಡಿದೆ. ಅಂಗಿಯ ತೋಳು ಒಂದು ಕಡೆ, ಕಾಲರು ಒಂದು ಕಡೆ ಬಿದ್ದಿದ್ದಾಗ ಅದು ಅಂಗಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅವಳು ಕೂಡಿಸಿ ಮುಂದೆ ಹಿಡಿದಿದ್ದಳು. ಡಾಕ್ಟರು ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಹೇಳಮ್ಮ ಎಂದರು. ಮೊದಲಿನಿಂದ ಮತ್ತೆ ಹೇಳಿದಳು.

ಡಾಕ್ಟರು ಹೆದರಿಸಲಿಲ್ಲ. ಇದರಲ್ಲಿ ಒಂದೊಂದೂ ನೂರಾರು ಜನರಿಗೆ ಬರುತ್ತದೆ, ಬಹಳ ಸಲ ಸಣ್ಣ ಕಾರಣವೇ ಇರುತ್ತದೆ; ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿದರೂ ಕಣ್ಣು ಹೀಗಾಗಬಹುದು ಎಂದರು. ಆದರೆ ಇಷ್ಟೂ ಕೂಡಿ ಬಂದಿರುವಾಗ ಒಂದು ದಿನವೂ ಕಾಯಬಾರದು, ಇವತ್ತೇ ದಾವಣಗೆರೆಗೆ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು.

ದಾವಣಗೆರೆಯಲ್ಲಿ ಸ್ಕ್ಯಾನ್ ಆಯಿತು. ಹೊಟ್ಟೆಯ ಹಿಂದೆ, ಬೆನ್ನಿಗೆ ಆತುಕೊಂಡು ಮೇದೋಜೀರಕ ಗ್ರಂಥಿ ಎನ್ನುವುದೊಂದು ಇರುತ್ತದಂತೆ. ಐವತ್ತೇಳು ವರ್ಷ ನನ್ನೊಳಗೇ ಇದ್ದರೂ ಅದರ ಹೆಸರು ನಾನು ಕೇಳಿರಲಿಲ್ಲ. ಅದರ ತಲೆಯ ಭಾಗದಲ್ಲಿ ಅಡಿಕೆಯಷ್ಟು ಗಾತ್ರದ ಗಡ್ಡೆ ಎದ್ದು ಪಿತ್ತದ ದಾರಿಯನ್ನು ಒತ್ತಿ ಹಿಡಿದಿತ್ತು. ಕ್ಯಾನ್ಸರ್. ಆ ಮಾತು ಕೇಳಿದಾಗ ನನ್ನ ಕಿವಿಯಲ್ಲಿ ಮಷಿನ್ ತುಳಿದಂತೆ ಸದ್ದು ಶುರುವಾಯಿತು, ಮುಂದೆ ಅರ್ಧ ಮಾತು ಕೇಳಿಸಲೇ ಇಲ್ಲ. ಕೇಳಿಸಿಕೊಂಡವಳು ಅವಳು. ಈ ರೋಗದವರು ಬಹಳ ಮಂದಿ ಬರುವಷ್ಟರಲ್ಲಿ ಅದು ಹಬ್ಬಿರುತ್ತದೆ, ಕೊಯ್ದು ತೆಗೆಯಲು ಬರುವುದಿಲ್ಲ, ನಿಮ್ಮದು ಇನ್ನೂ ಹಬ್ಬಿಲ್ಲ, ತೆಗೆಯಬಹುದು ಎಂದು ಆಪರೇಷನ್ ಮಾಡುವ ಡಾಕ್ಟರು ಹೇಳಿದರಂತೆ. ದೊಡ್ಡ ಆಪರೇಷನ್, ಆಮೇಲೂ ಇಷ್ಟೇ ವರ್ಷ ಎಂದು ಮಾತು ಕೊಡಲಾರೆ ಎಂದೂ ಹೇಳಿದರಂತೆ.

ನಾನು ಮನೆಗೆ ಹೋಗೋಣ ಎಂದೆ. ಮುಚ್ಚುಮರೆ ಏನು, ನನಗೆ ಹೊಟ್ಟೆ ಕೊಯ್ಸಿಕೊಳ್ಳಲು ಜೀವಭಯವಾಗಿತ್ತು. ಯಾರದೋ ಸಂಬಂಧಿ ಹೊಟ್ಟೆ ಕೊಯ್ಸಿಕೊಂಡು ವಾರದಲ್ಲಿ ಹೋದ ಕತೆ ನೆನಪಾಯಿತು, ಹಾಗೇ ಇದ್ದು ಹತ್ತಾರು ವರ್ಷ ಬಾಳಿದ ಇನ್ಯಾರದೋ ಕತೆ ನೆನಪಾಯಿತು. ಎಲ್ಲವನ್ನೂ ಅವಳ ಮುಂದೆ ಹೇಳಿದೆ. ಅವಳು ಮಗಳಿಗೆ ಫೋನ್ ಮಾಡಿ ನಾಲ್ಕು ಜೊತೆ ಬಟ್ಟೆ ತರಲು ಹೇಳಿ, ನನ್ನ ಪಕ್ಕ ಬೆಂಚಿನ ಮೇಲೆ ಕೂತಳು.

"ನೀವು ಬಟ್ಟಿ ಕತ್ತರಿಸೋವಾಗ ಬಟ್ಟಿಗಿ ಅಂಜಿಕಿ ಐತೇನು ಅಂತ ಕೇಳ್ತೀರೇನ್ರಿ? ಸುಮ್ನ ಮಲಗ್ರಿ," ಅಂದಳು.

ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಮಲಗಿದೆ. ಒಳಗೆ ಕರೆದೊಯ್ಯುವಾಗ ತಳ್ಳುಗಾಡಿಯ ಜೊತೆ ಬಾಗಿಲವರೆಗೆ ನಡೆದು ಬಂದವಳ ಮುಖ ನೋಡಿದೆ. ತುಟಿ ಕಚ್ಚಿ ಹಿಡಿದಿದ್ದಳು, ಅಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳೆಂದು, ಸಂಜೆಯಾಗುವವರೆಗೆ ನೀರೂ ಮುಟ್ಟಲಿಲ್ಲವೆಂದು ಆಮೇಲೆ ಮಗಳು ಹೇಳಿದಳು.

ಆಮೇಲಿನದು ಉದ್ದದ ಕತೆ, ಅದನ್ನು ಹಿಗ್ಗಿಸಿ ಹೇಳುವುದಿಲ್ಲ. ವಾರಗಟ್ಟಲೆ ಆಸ್ಪತ್ರೆ, ತಿಂಗಳುಗಟ್ಟಲೆ ಕೀಮೋ, ತಲೆಯೆತ್ತಲಾರದ ವಾಂತಿ, ಅನ್ನ ಕಂಡರೆ ಸಿಟ್ಟು, ಹೆಂಡತಿಯನ್ನು ಕಂಡರೂ ಸಿಟ್ಟು. ಸಾಯಲು ಬಿಡೇ ಎಂದು ಒಮ್ಮೆ ತಟ್ಟೆ ನೂಕಿದ್ದೆ. ಅವಳು ಚೆಲ್ಲಿದ ಗಂಜಿ ಒರೆಸಿ, ಇನ್ನೊಂದು ತಟ್ಟೆಯಲ್ಲಿ ಹಾಕಿಕೊಂಡು ಬಂದಳು. ಸತ್ತವರಿಗೆ ಹೊಲಿಯಲು ಬರುವುದಿಲ್ಲ, ದೀಪಾವಳಿಯ ಬಟ್ಟೆಗಳು ಹಾಗೇ ಬಿದ್ದಿವೆ ಎಂದಳು. ಈಗ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ, ಊಟದ ಜೊತೆ ಜೀರ್ಣದ ಗುಳಿಗೆ ನುಂಗುತ್ತೇನೆ, ಎರಡು ಮಿರ್ಚಿಯ ಜಾಗದಲ್ಲಿ ಅರ್ಧ ಮಿರ್ಚಿ ತಿಂದು ಅದನ್ನೇ ಹಬ್ಬ ಅಂದುಕೊಳ್ಳುತ್ತೇನೆ. ಅಂಗಡಿ ತೆರೆದಿದ್ದೇನೆ. ಮೊದಲಿನ ಅರ್ಧದಷ್ಟು ಹೊಲಿಯುತ್ತೇನೆ, ಮೊದಲಿನ ಎರಡರಷ್ಟು ಮಾತಾಡುತ್ತೇನೆ.

ಒಂದು ಚಾಳಿ ಮಾತ್ರ ಹತ್ತಿದೆ. ಯಾರ ಸೊಂಟವಾದರೂ ಹಳೆಯ ಅಳತೆಗಿಂತ ಇಳಿದಿದ್ದರೆ ಟೇಪು ಹಿಡಿದುಕೊಂಡೇ ವಿಚಾರಣೆ ಶುರು ಮಾಡುತ್ತೇನೆ. ನೀನೇ ಇಳಿಸಿದ್ದೋ, ತಾನೇ ಇಳಿದದ್ದೋ? ಊಟ ಬಿಟ್ಟಿದ್ದೋ, ಸೇರದ್ದೋ? ಹೊಸದಾಗಿ ಸಕ್ಕರೆ ಬಂದಿದೆಯೇ? ಕಣ್ಣು ತೋರಿಸು. ಅಂಗಿ ಹೊಲಿಸಲು ಬಂದವರಿಗೆ ಇದು ಕಿರಿಕಿರಿ. ಅರಸೀಕೆರೆಯ ಒಬ್ಬ ರೈತ ನನ್ನ ಕಾಟ ತಾಳದೆ ಸ್ಕ್ಯಾನ್ ಮಾಡಿಸಿದರೆ ಬರೀ ಪಿತ್ತದ ಕಲ್ಲು ಸಿಕ್ಕಿತು. ಸುಮ್ಮನೆ ಹೆದರಿಸಿದೆಯಲ್ಲೋ ಎಂದು ಬೈದು, ಮರುವಾರ ಒಂದು ಚೀಲ ಹಸಿ ತೆನೆ ತಂದಿಟ್ಟು ಹೋದ. ಹಾಗೆ ಬೈಸಿಕೊಳ್ಳುವುದರಲ್ಲಿ ನನಗೆ ಬಹಳ ಸಂತೋಷವಿದೆ.

ಎಲ್ಲರಿಗೂ ಹೇಳುವುದು ಇದೇ ಕತೆ: ಇಡೀ ಸೀಮೆ ನಂಬಿದ ಪರಾತದೊಳಗೆ ತನ್ನ ಕೈಯನ್ನೇ ಇಟ್ಟು ಪರೀಕ್ಷೆ ಮಾಡಿದ ಹಡಗಲಿಯ ಜಾಣೆಯ ಕತೆ. ಕಳೆದ ಶನಿವಾರ ಕೊಟ್ಟೂರಿನಿಂದ ಬೀಗರು ಬಂದಿದ್ದಾಗಲೂ ಹೇಳಿದೆ. ಬಳೆ ಏರಿಸಿದ್ದನ್ನು ಕೈ ಮಾಡಿ ತೋರಿಸಿದೆ, ಅಜ್ಜನ ಮುಖ ಹೇಗಾಯಿತೆಂದೂ ತೋರಿಸಿದೆ. ಬೀಗರು ತಲೆದೂಗಿದರು. ಒಳಗೆ ಪಾತ್ರೆಯ ಸದ್ದು ಸ್ವಲ್ಪ ಜೋರಾಯಿತು.

ಮರುದಿನ ಭಾನುವಾರ ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ಹೂ ಕಟ್ಟುತ್ತಿದ್ದಳು. ಸೋಮವಾರ ನನ್ನ ಸ್ಕ್ಯಾನ್ ಇತ್ತು. ಕೆಲವು ತಿಂಗಳಿಗೊಮ್ಮೆ ಮಾಡಿಸಬೇಕು, ಮರಳಿ ಬಂದಿದೆಯೋ ಇಲ್ಲವೋ ನೋಡುತ್ತಾರೆ. ಅದರ ಹಿಂದಿನ ದಿನ ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ಅವಳೇ ದಾರ ಎಳೆಯುತ್ತ ಮಾತು ತೆಗೆದಳು.

"ಆ ಕತಿ ಇನ್ನ ಸಾಕು ಮಾಡ್ರಿ. ಅದು ಹಂಗಲ್ಲ."

ಹೇಗೆ ಮತ್ತೆ ಎಂದೆ.

"ಪರೀಕ್ಷಿ ಮಾಡಾಕ ಕೈ ಚಾಚಲಿಲ್ಲ ನಾನು. ಅಷ್ಟು ಬುದ್ಧಿ ಎಲ್ಲಿತ್ತು ಆಗ? ನಾನೂ ಕಾಮಣಿ ಅಂತ ನಂಬಿದ್ದೆ. ಒಂದ ತಾಟಿನಾಗ ಉಂಡೀವಿ, ನನಗೂ ಅಂಟಿದ್ರ ಅಂತ ಅಂಜಿಕಿ ಆಗಿತ್ತು. ನೀರು ಹಳದಿ ಆದಾಗ ಎದಿ ಒಡದಂಗಾತು. ಆಮ್ಯಾಲ ನನ್ನ ಕಣ್ಣು ಬೆಳ್ಳಗ ಅದಾವಲ್ಲ ಅಂತ ಹೊಳೀತು."

ಇಷ್ಟು ದಿನ ಊರಿಗೆಲ್ಲ ಹೇಳಿದ ಕತೆ ನೋಡಿ! ಆಮೇಲೆ ಹಳೆಯ ಚಾಳಿಗೆ ಕೀಟಲೆ ಮಾಡಿದೆ. ಅಂದರೆ ನಿನಗೂ ಸಾಯುವ ಭಯ ಇತ್ತು ಅನ್ನು ಎಂದೆ.

ಅವಳು ಮೊಗ್ಗಿನ ಮೇಲಿನ ಕಣ್ಣು ತೆಗೆಯಲಿಲ್ಲ.

"ನಾನೂ ಮಲಗಿದ್ರ ನಿಮ್ಮನ್ನ ನೋಡೋರು ಯಾರಿದ್ರು?"

ಮಾಲೆಗೆ ಗಂಟು ಹಾಕಿ ಕೆಳಗಿಟ್ಟಳು. ಪ್ರತಿ ಭಾನುವಾರದ ಹಾಗೆ ನನ್ನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದಳು, ಮೇಲೆ ನೋಡಿ ಎಂದಳು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದಳು, ಪಕ್ಕಕ್ಕೆ ಒಂದು ಹೊಸ ಮೊಗ್ಗು ಹಿಡಿದಳು. ಹಿಡಿದ ಕೈ ಹಾಗೇ ನಿಂತಿತು.

"ನೀರು ತುಂಬಿಕೊಂಡ್ರ ನನಗ ಹೆಂಗ ಕಾಣಬೇಕು? ಒರಸ್ಕಳ್ರಿ," ಅಂದಳು.

ಒರೆಸಿಕೊಂಡೆ. ಅವಳು ಮತ್ತೆ ನೋಡಿದಳು.